ಗಪ್ಪಾಗೋಷ್ಠಿಯ ಮೊದಲ ಬಹುಮಾನ

ಸ್ಟೀಲಿನ ಆ ಡಬ್ಬಿಯ ಮುಚ್ಚಳದ ಮೇಲೆ ‘ಪ್ರಥಮ ಬಹುಮಾನ’ ಎಂದು ಕೊರೆಸಿದ್ದು ನಾನೇ. ಡೊಂಬಿವಲಿ ಸ್ಟೇಷನ್ನಿನ ಪೂರ್ವಕ್ಕಿರುವ ಪಾತ್ರೆ ಅಂಗಡಿಯಲ್ಲಿ ಹೆಸರು ಕೊರೆಯುವವನಿಗೆ ಕನ್ನಡ ಬಾರದು. ನಾನು ಚೀಟಿಯಲ್ಲಿ ಬರೆದುಕೊಟ್ಟ ಅಕ್ಷರಗಳನ್ನು ಅವನು ಚಿತ್ರ ಬಿಡಿಸಿದ ಹಾಗೆ ಬಿಡಿಸಿದ. ‘ಹು’ವಿನ ಕೊಂಬು ಜಾರಿ ಪಕ್ಕದ ‘ಮಾ’ಕ್ಕೆ ತಾಗಿದೆ. ಅತ್ಯುತ್ತಮ ಸುಳ್ಳಿಗೆಂದು ಆ ಡಬ್ಬಿಯನ್ನು ಒಬ್ಬ ಹೆಂಗಸಿನ ಕೈಗೆ ಕೊಟ್ಟೆ. ಆಕೆ ಹೇಳಿದ್ದು ಸುಳ್ಳಾಗಿರಲಿಲ್ಲ. ನಮ್ಮ ಹೌಸಿಂಗ್ ಸೊಸೈಟಿಯ ಗೇಟಿನೊಳಗೆ ಮತ್ತೆ ಕೆಲಸಕ್ಕೆ ಬರಲು ಆಕೆಗೆ ಉಳಿದಿದ್ದ ಒಂದೇ ಅವಕಾಶವನ್ನು ಆ ಡಬ್ಬಿ ಮುಗಿಸಿತು.

ಇದನ್ನು ದಿನಚರಿಯಲ್ಲಿ ಮೊದಲೇ ಬರೆದಿದ್ದೇನೆ. ಆ ಬರಹವನ್ನು ನಂಬುವಂತಿಲ್ಲ, ಅದಕ್ಕೇ ಇನ್ನೊಮ್ಮೆ ಬರೆಯುತ್ತಿದ್ದೇನೆ. ಇದನ್ನು ಎಷ್ಟು ನಂಬಬಹುದೋ ಗೊತ್ತಿಲ್ಲ.

ಎಂ.ಎ.ಯಲ್ಲಿ ನಮಗೆ ಆಸ್ಟ್ರೇಲಿಯಾದ ಹಾಸ್ಯ ಸಣ್ಣಕಥೆಗಳದ್ದೊಂದು ಪೇಪರು ಇತ್ತು. ಸುಲಭವೆಂದು ಎಲ್ಲರೂ ತೆಗೆದುಕೊಂಡರು. ನಾನೂ ಅದಕ್ಕೇ ತೆಗೆದುಕೊಂಡಿರಬೇಕು. ಈಗ ಯಾರಾದರೂ ಕೇಳಿದರೆ ಇಷ್ಟಪಟ್ಟು ತೆಗೆದುಕೊಂಡೆ ಎನ್ನುತ್ತೇನೆ. ಅಲ್ಲಿ ನಗಿಸುವುದೆಲ್ಲ ಬುರುಡೆ. ನೀರಿಲ್ಲದ ಬಯಲು, ಕುರಿಗಳ ಉಣ್ಣೆ ಕತ್ತರಿಸಲು ಊರೂರು ಅಲೆಯುವ ಗಂಡಸರು, ಕೆಲಸ ಮುಗಿದ ಮೇಲೆ ಬೆಂಕಿಯ ಸುತ್ತ ಕೂತು ಒಬ್ಬನಿಗಿಂತ ಒಬ್ಬ ದೊಡ್ಡದಾಗಿ ಬಿಡುವುದು. ಒಬ್ಬನ ಟೋಪಿ ಗಾಳಿಗೆ ಹಾರಿಹೋಯಿತಂತೆ, ಅವನು ತಿಂಗಳಿಡೀ ನೊಣಗಳನ್ನೇ ಟೋಪಿಯಾಗಿ ತೊಟ್ಟು ತಿರುಗಿದನಂತೆ, ಯಾರಾದರೂ ದೊಡ್ಡವರು ಎದುರಾದರೆ ನೊಣಗಳೇ ಎದ್ದು ಮರ್ಯಾದೆ ತೋರಿಸಿ ಮತ್ತೆ ಕೂರುತ್ತಿದ್ದವಂತೆ. ಇಂಥವು. ಅವುಗಳ ನಿಯಮಗಳನ್ನು ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದು ಇನ್ನೂ ಹೋಗಿಲ್ಲ. ಹೇಳುವವನು ನಗಬಾರದು. ಉಬ್ಬಿಸುವುದಾದರೆ ಕಷ್ಟವನ್ನು ಉಬ್ಬಿಸಬೇಕು, ಸುಖವನ್ನಲ್ಲ. ಕೇಳುವವನು ‘ಸುಳ್ಳು’ ಎನ್ನಬಾರದು; ಅದಕ್ಕಿಂತ ದೊಡ್ಡದನ್ನು ತಾನು ಬಿಡಬೇಕು. ಮತ್ತು ಗುಂಪಿನಲ್ಲಿ ಹೊಸಬನೊಬ್ಬ ಬೇಕು, ನಂಬಿ ಮಂಗನಾಗಲು. ಆ ಹೊಸಬನಿಗೆ ಮಾರನೆಯ ದಿನ ಏನಾಯಿತೆಂದು ಯಾವ ಕಥೆಯೂ ಹೇಳುವುದಿಲ್ಲ. ಹೇಳುವುದಿಲ್ಲವೆಂದು ಪರೀಕ್ಷೆಯಲ್ಲಿ ನಾನೂ ಬರೆಯಲಿಲ್ಲ.

ಕಲ್ಯಾಣದ ಜೂನಿಯರ್ ಕಾಲೇಜೊಂದರಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತಳಾದ ಮೇಲೆ ನಮ್ಮ ಬಡಾವಣೆಯ ಕನ್ನಡ ಸಂಘದವರು ನನ್ನನ್ನು ಸಮಿತಿಗೆ ಎಳೆದುಕೊಂಡರು. ಸಮಿತಿಯೆಂದರೆ ಹೆಚ್ಚುಕಡಿಮೆ ನಮ್ಮ ಸೊಸೈಟಿಯ ಚೇರ್ಮನ್ನರು ಒಬ್ಬರೇ. ಉಡುಪಿ ಕಡೆಯವರು, ಕೋಪರಿಯಲ್ಲಿ ಸಸ್ಯಾಹಾರಿ ಹೋಟೆಲು ನಡೆಸುವವರು. ಬೆಳಿಗ್ಗೆ ಹೋಟೆಲಿನ ಯಜಮಾನರು, ಸಂಜೆ ಸೊಸೈಟಿಯ ಯಜಮಾನರು, ಭಾನುವಾರ ಕನ್ನಡದ ಯಜಮಾನರು. ನಾನೂ ಅವರ ಕಡೆಯವಳೇ, ಇಬ್ಬರ ಮನೆಮಾತೂ ತುಳು. ಆದರೂ ನಮ್ಮ ನಡುವೆ ನಡೆಯುತ್ತಿದ್ದದ್ದು ಸಂಘದ ಕನ್ನಡ ಮಾತ್ರ. ಅವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುತ್ತಿರಲಿಲ್ಲ. ಅವರಿಗೂ ನನ್ನನ್ನು ಕಂಡರೆ ಅಷ್ಟೆ.

ಬುರುಡೆ ಹೇಳುವ ಸ್ಪರ್ಧೆ ಇಡೋಣ ಎಂದವಳು ನಾನು. ವರ್ಷವರ್ಷವೂ ಅದೇ ಭಾವಗೀತೆ, ಅದೇ ಹೋಳಿಗೆ ಊಟ ಸಾಕಾಗಿತ್ತು. ನನ್ನ ಹಳೆಯ ಓದನ್ನು ನಾಲ್ಕು ಜನರ ಮುಂದೆ ತೆಗೆಯುವ ಆಸೆಯೂ ಇತ್ತು.

“ಬುರುಡೆ ಸ್ಪರ್ಧೆ ಅಂತ ಬೋರ್ಡು ಹಾಕ್ಲಿಕ್ಕಾಗ್ತದಾ ಟೀಚರ್? ಸಂಘದ ಮರ್ಯಾದೆ ಎಂತ ಆಗ್ಬೇಕು?” ಎಂದರು ಚೇರ್ಮನ್ನರು.

“ಎಷ್ಟು ಉಂಟೋ ಅಷ್ಟೇ ಹೋಗ್ತದೆ” ಎಂದೆ.

“ಹಾಗಲ್ಲ ಮಾರಾಯ್ರೆ. ಗಪ್ಪಾಗೋಷ್ಠಿ ಅಂತ ಹಾಕುವ. ಇಲ್ಲಿ ಹುಟ್ಟಿದ ಮಕ್ಕಳಿಗೂ ಅರ್ಥ ಆಗ್ತದೆ. ಹರಟೆ ಅಂದ್ರೆ ಅವಕ್ಕೆ ಕರಾಟೆ ಅಂತ ಕೇಳಿಸ್ತದೆ.”

ಮರಾಠಿಯಲ್ಲಿ ಗಪ್ಪಾ ಎಂದರೆ ಹರಟೆ, ಪಟ್ಟಾಂಗ. ಎಲ್ಲರೂ ಒಪ್ಪಿದರು. ಕನ್ನಡದಲ್ಲಿ ಅಚ್ಚಾದ ಪೋಸ್ಟರನ್ನು ಸೊಸೈಟಿಗಳ ಗೇಟಿಗೂ ತರಕಾರಿ ಮಾರ್ಕೆಟ್ಟಿನ ಗೋಡೆಗೂ ಅಂಟಿಸಿದರು: ‘ಗಪ್ಪಗೋಷ್ಠಿ. ಎಲ್ಲರೂ ಬನ್ನಿ, ಮನಬಿಚ್ಚಿ ಮಾತಾಡಿ. ಉತ್ತಮ ಮಾತಿಗೆ ಬಹುಮಾನ.’ ಬುರುಡೆ ಎಂಬ ಮಾತು ಎಲ್ಲೂ ಇರಲಿಲ್ಲ, ಮರ್ಯಾದೆಗಾಗಿ. ಗಪ್ಪಾ ಎಂಬಲ್ಲಿ ದೀರ್ಘವೂ ಬಿದ್ದುಹೋಗಿತ್ತು. ಬಿಟ್ಟವನು ಪ್ರೆಸ್ಸಿನವನು ಎಂದು ಎಲ್ಲರಿಗೂ ಹೇಳುತ್ತಾ ಬಂದಿದ್ದೇನೆ. ಪ್ರೂಫ್ ನೋಡಿದವಳು ನಾನು.

ಈಗ ಆ ಹೆಂಗಸಿನ ವಿಷಯ. ವಿಜಯಪುರದ ಕಡೆಯವರು, ನಲವತ್ತೈದರ ಆಸುಪಾಸು. ಡೊಂಬಿವಲಿಯ ಕೆಮಿಕಲ್ ಕಾರ್ಖಾನೆಯೊಂದರಲ್ಲಿ ಹನ್ನೊಂದು ವರ್ಷ ಪುಡಿಯನ್ನು ಚೀಲಕ್ಕೆ ತುಂಬುವ ಕೆಲಸ ಮಾಡಿ, ಅದು ಬಿಟ್ಟ ಮೇಲೆ ನಮ್ಮ ಕಟ್ಟಡದ ಮೂರು ಮನೆಗಳಲ್ಲಿ ರೊಟ್ಟಿ, ಚಪಾತಿ ಮಾಡಿಕೊಡುತ್ತಿದ್ದರು. ನಮ್ಮಲ್ಲಿ ಮನೆಗೆಲಸದವರಿಗೆಲ್ಲ ಸೊಸೈಟಿಯ ಒಂದು ಕಾರ್ಡು ಇರುತ್ತದೆ. ಗೇಟಿನಲ್ಲಿ ವಾಚ್‌ಮನ್ ಅದನ್ನು ಮಶೀನಿಗೆ ಹಿಡಿದರೆ ಹಸಿರು ದೀಪ, ಒಳಗೆ ಬಿಡುತ್ತಾನೆ. ಗಪ್ಪಾಗೋಷ್ಠಿಗೆ ಎರಡು ತಿಂಗಳ ಮುಂಚೆ ಆಕೆಯ ಕಾರ್ಡು ಬಂದ್ ಆಯಿತು. ಬಂದ್ ಮಾಡಿಸಿದವರು ಚೇರ್ಮನ್ನರು. ಮೂರು ಮನೆಗಳಲ್ಲಿ ಒಂದು ಅವರದು. ಅಲ್ಲಿ ಹಾಲು ಉಕ್ಕಿ ಒಲೆ ಆರಿ, ಗ್ಯಾಸು ಅಡುಗೆಮನೆ ತುಂಬ ಹರಡಿದ್ದರೂ ಆಕೆ ಹಿಟ್ಟು ನಾದುತ್ತ ನಿಂತಿದ್ದರು. ಕಾವಲಿ ಇಡಲು ಲೈಟರ್ ಎತ್ತಿಕೊಂಡಿದ್ದರು. ಚೇರ್ಮನ್ನರ ಹೆಂಡತಿ ಓಡಿಬಂದು ಕೈ ಹಿಡಿದರು. ಯಾರಿಗೂ ಏನೂ ಆಗಲಿಲ್ಲ. ಮೊಬೈಲಿನಲ್ಲಿ ಮುಳುಗಿದ್ದಳು ಎಂದು ಲಿಫ್ಟಿನಲ್ಲಿ ಮಾತಾಡಿಕೊಂಡದ್ದನ್ನು ನಾನು ಕೇಳಿದ್ದೆ. ನನಗೆ ವಾಸನೆ ಬರುವುದಿಲ್ಲ ಎಂದು ಆಕೆ ಅತ್ತದ್ದು ನನ್ನ ಕಿವಿಗೆ ಬಿದ್ದಿರಲಿಲ್ಲ. ಬಿದ್ದಿರಲಿಲ್ಲ ಎಂದೇ ನನ್ನ ನೆನಪು.

ಗೋಷ್ಠಿ ನಡೆದದ್ದು ಒಂದು ಭಾನುವಾರ ಮಧ್ಯಾಹ್ನ, ಬಾಡಿಗೆಗೆ ಹಿಡಿದ ಸಭಾಂಗಣದಲ್ಲಿ. ನಾನು ಮೊದಲು ಆಸ್ಟ್ರೇಲಿಯಾದ ಬುರುಡೆಗಳ ಬಗ್ಗೆ ಇಪ್ಪತ್ತು ನಿಮಿಷ ಮಾತಾಡಿ ನಿಯಮಗಳನ್ನು ಹೇಳಿದೆ. ಆಕೆ ಆಗ ಇನ್ನೂ ಬಂದಿರಲಿಲ್ಲ. ಬಾಗಿಲ ಬಳಿ ಚಪ್ಪಲಿ ಬಿಡುತ್ತಿದ್ದದ್ದನ್ನು ಕಂಡದ್ದು ಆಮೇಲೆ. ಸ್ಪರ್ಧೆಗೆ ಬಂದವರು ಏಳೆಂಟು ಜನ. ಒಬ್ಬರು ಕಿಕ್ಕಿರಿದ ಲೋಕಲ್ ಟ್ರೇನಿನಲ್ಲಿ ಠಾಣೆ ಸ್ಟೇಷನ್ನಿನ ಹತ್ತಿರ ತಲೆ ಕೆರೆಯಲು ಕೈ ಎತ್ತಿದರಂತೆ, ದಾದರಿನವರೆಗೂ ಕೆರೆದದ್ದು ಪಕ್ಕದವನ ತಲೆಯನ್ನಂತೆ, ಇಳಿಯುವಾಗ ಅವನು ಥ್ಯಾಂಕ್ಸ್ ಹೇಳಿದನಂತೆ. ಹೇಳುವಾಗ ಅವರೇ ಮೊದಲು ನಕ್ಕರು. ನಾನು ಅಂಕ ಕಳೆದೆ.

ಆಕೆ ಮೈಕಿನ ಮುಂದೆ ಬಂದು ಸೆರಗನ್ನು ಹೊದ್ದು ನಿಂತರು.

“ಎಲ್ಲಾರಿಗೂ ನಮಸ್ಕಾರ್ರಿ. ನನ್ನ ಮೂಗ ಸತ್ತು ನಾಕ ವರ್ಷ ಆತ್ರಿ.”

ಅಷ್ಟಕ್ಕೇ ಸಭೆ ನಕ್ಕಿತು. ಆಕೆ ನಗು ನಿಲ್ಲುವವರೆಗೆ ಕಾದರು.

“ಕಂಪನ್ಯಾಗ ಹಳದಿ ಪುಡಿ ತುಂಬತಿದ್ದೆ. ಮನೀಗಿ ಬಂದ ಮಾರಿ ತೊಳದ್ರ ಬಚ್ಚಲದಾಗ ಅರಿಶಿಣದ ನೀರ ಹರದಂಗ ಹರೀತಿತ್ತು. ನಮ್ಮ ಚಾಳಿನ ಮಂದಿ ಕೇಳತಿದ್ರು, ದಿನಾ ಯಾರ ಮದವಿ ನಡದೈತಿ ನಿಮ್ಮನ್ಯಾಗ ಅಂತ. ಮೊದಲ ಊದಿನಕಡ್ಡಿ ವಾಸನಿ ಹೋತು. ಆಮ್ಯಾಲ ಉಳ್ಳಾಗಡ್ಡಿ. ಕಪಾಟದ ಹಿಂದ ಇಲಿ ಸತ್ತ ಬಿದ್ದಿತ್ತು, ಮೂರ ದಿನಾ ಅಲ್ಲೇ ಕುಂತ ಉಂಡೀನಿ. ಬಾಜೂದವ್ರು ಮೂಗ ಮುಚ್ಚಿಕೊಂಡ ಬಂದ್ರು. ನನ್ನ ಮೂಗಿಗೆ ಚ್ಯಾಷ್ಟಿ ಮಾಡ್ತಾರ ಅಂತ ಅವರ ಜೋಡಿ ಜಗಳಾ ತಗದೆ. ಗಂಡ ಕುಡದ ಬಂದಾನ ಅನ್ನೂದು ಅಂವ ಬಿದ್ದಮ್ಯಾಲ ಗೊತ್ತಾಗ್ತದ.”

ಹಿಂದಿನ ಸಾಲಿನಲ್ಲಿ ಯಾರೋ ಸೀಟಿ ಹೊಡೆದರು. ಆಕೆಯ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ನಾನು ಹಾಳೆಯಲ್ಲಿ ‘ಮುಖ’ ಎಂಬ ಕಾಲಮ್ಮಿನಲ್ಲಿ ಹತ್ತಕ್ಕೆ ಹತ್ತು ಬರೆದೆ.

“ಕಡೀಕ ಒಂದ ಮನ್ಯಾಗ ಹಾಲ ಉಕ್ಕಿ ಒಲಿ ಆರೇತಿ. ಗ್ಯಾಸ್ ತುಂಬಿದ್ದು ನನಗ ಗೊತ್ತ ಇಲ್ಲ. ಲೈಟರ್ ಹಿಡದೀನಿ. ಮನೀ ಬಾಯಾರು ಬಂದ ನನ್ನ ಕೈ ಹಿಡದ್ರು. ಹಿಡದದ್ದಕ್ಕ ನಾನೂ ಅದೀನಿ, ಇಲ್ಲೆ ಮುಂದ ಕುಂತ ಮಂದ್ಯಾಗ ಅರ್ಧಾ ಮಂದೀನೂ ಅದೀರಿ.”

ಸಭೆ ಬಿದ್ದೂ ಬಿದ್ದೂ ನಕ್ಕಿತು. ಮುಂದಿನ ಸಾಲಿನಲ್ಲಿದ್ದ ಚೇರ್ಮನ್ನರು ನಗಲಿಲ್ಲ. ಅವರು ಎದ್ದು ನಿಂತು ಹಿಂದಕ್ಕೆ ತಿರುಗಿದರು.

“ಇದು ಎಂತ ಮಹಾ? ನಮ್ಮ ಹೋಟೆಲಿನ ಭಟ್ರಿಗೆ ಮೂಗೂ ಇಲ್ಲ, ನಾಲಗೆಯೂ ಇಲ್ಲ. ಇಪ್ಪತ್ತು ವರ್ಷದಿಂದ ಸಾಂಬಾರು ಮಾಡ್ತಾರೆ, ನೀವೆಲ್ಲ ಎರಡೆರಡು ಸಲ ಹಾಕಿಸ್ಕೊಂಡು ತಿಂತೀರಿ.”

ಆಮೇಲೆ ಏನೂ ಕೇಳಿಸಲಿಲ್ಲ. ಆಕೆ ಮೈಕು ಹಿಡಿದು ಇನ್ನೂ ಏನೋ ಹೇಳುತ್ತಿದ್ದರು, ಚಪ್ಪಾಳೆಯಲ್ಲಿ ಮುಳುಗಿತು. ಒಂದು ಬುರುಡೆಯ ಮೇಲೆ ಇನ್ನೊಂದು ಬುರುಡೆ, ನಾನು ಹೇಳಿಕೊಟ್ಟ ನಿಯಮದಂತೆಯೇ. ನನಗೆ ಆದದ್ದು ಸಂತೋಷ. ಅದನ್ನು ಮುಚ್ಚಿಡುವಂತಿಲ್ಲ, ಆ ದಿನದ ದಿನಚರಿಯಲ್ಲಿ ಎರಡು ಸಲ ಅಡಿಗೆರೆ ಹಾಕಿ ‘ಅದ್ಭುತ’ ಎಂದು ಬರೆದಿದ್ದೇನೆ.

ಬಹುಮಾನಕ್ಕೆ ಕರೆದಾಗ ಆಕೆ ಕೇಳಿದರು, “ಇದ್ಯಾಕ್ರಿ?”

“ಇಷ್ಟು ಚಂದದ ಬುರುಡೆ ಬಿಟ್ಟಿದ್ದಕ್ಕೆ” ಎಂದು ಮೈಕಿನಲ್ಲೇ ಹೇಳಿದೆ.

ಆಕೆ ಡಬ್ಬಿಯನ್ನು ನೋಡಿದರು, ನನ್ನನ್ನು ನೋಡಿದರು, ಜೋರಾಗಿ ಚಪ್ಪಾಳೆ ತಟ್ಟುತ್ತಿದ್ದ ಚೇರ್ಮನ್ನರನ್ನು ನೋಡಿದರು. “ಮತ್ತ ಕಾರ್ಡ್?” ಎಂದು ಕೇಳಿದರು, ಮೈಕಿನಿಂದ ದೂರ, ಮೆಲ್ಲಗೆ. ಇದು ನನಗೆ ಅಲ್ಲೇ ಕೇಳಿಸಿತ್ತೋ ಆಮೇಲೆ ನಾನು ಸೇರಿಸಿಕೊಂಡೆನೋ ಗೊತ್ತಿಲ್ಲ. ಫೋಟೋ ತೆಗೆಯುವವರು “ಇಕಡೆ ಬಘಾ” ಎಂದು ಕೂಗುತ್ತಿದ್ದರು. ನಾನು ಅತ್ತ ನೋಡಿ ನಕ್ಕೆ. ಫೋಟೋ ಇದೆ.

ಮೂರನೆಯ ದಿನ ಬೆಳಿಗ್ಗೆ ವಾಚ್‌ಮನ್ ಇಂಟರ್‌ಕಾಮಿನಲ್ಲಿ ಕರೆದ. ಕೆಳಗೆ ಹೋದರೆ ಆಕೆ ಗೇಟಿನ ಆಚೆ ನಿಂತಿದ್ದರು. ಸರಳುಗಳ ನಡುವೆ ಡಬ್ಬಿಯನ್ನು ಚಾಚಿದರು.

“ತಗೋರಿ ಅಕ್ಕೋರ, ನಿಮ್ಮ ಡಬ್ಬಿ.” ಅವರ ಕಡೆ ಕಲಿಸುವ ಹೆಂಗಸಿಗೆ ಅಕ್ಕೋರು ಎನ್ನುತ್ತಾರೆ.

“ಅದು ನಿಮಗೆ ಕೊಟ್ಟದ್ದು.”

“ಬುರುಡಿ ಬಿಟ್ಟಾವ್ರಿಗಿ ಕೊಡ್ರಿ. ನಾ ಬಿಟ್ಟಿಲ್ಲ.”

“ಮತ್ತೆ ಬುರುಡೆ ಸ್ಪರ್ಧೆಗೆ ಯಾಕೆ ಬಂದ್ರಿ?” ಕೇಳಿದ ಧಾಟಿ ಕ್ಲಾಸಿನದು. ತಡವಾಗಿ ಬಂದವರನ್ನು ಬಾಗಿಲಲ್ಲಿ ನಿಲ್ಲಿಸಿ ಕೇಳುವಂಥದು.

“ಬುರುಡಿ ಅಂತ ಎಲ್ಲಿ ಬರದಿತ್ರಿ? ಗಪ್ಪ ಗೋಷ್ಠಿ ಅಂತ ಬರದಿತ್ತು. ನನ್ನ ಮಗಳಿಗಿ ಕನ್ನಡಾ ಓದಾಕ ಬರಂಗಿಲ್ಲ, ನಾನ ಒಂದೊಂದ ಅಕ್ಷರಾ ಕೂಡಿಸಿ ಓದೀನಿ. ಗಪ್ಪ ಕುಂತಾವ್ರು ಬರ್ರಿ, ಮನಸ ಬಿಚ್ಚಿ ಮಾತಾಡ್ರಿ ಅಂತ. ನಾ ಎರಡ ತಿಂಗಳಾತು ಗಪ್ಪ ಕುಂತೀನಿ. ಚೇರ್ಮನ್ನರೂ ಅಲ್ಲೇ ಇರ್ತಾರ, ನಾಕ ಮಂದಿ ಮುಂದ ಖರೇದ್ದು ಹೇಳಿದ್ರ ಕಾರ್ಡ್ ಚಾಲೂ ಮಾಡ್ತಾರ ಅಂತ ತಿಳದಿದ್ದೆ. ಒಲಿ ಮುಂದ ನಿಂದರಂಗಿಲ್ಲ, ಬರೇ ಭಾಂಡೆ ತಿಕ್ಕಿ ಹೋಗತೀನಿ ಅಂತ ಹೇಳಾಕ ಹತ್ತಿದ್ದೆ. ನೀವು ಚಪ್ಪಾಳಿ ಹೊಡದ ಇಳಿಸಿದ್ರಿ.”

ವಿಜಯಪುರದ ಕಡೆ ಗಪ್ಪ ಎಂದರೆ ಸುಮ್ಮನೆ, ಬಾಯಿ ಮುಚ್ಚಿಕೊಂಡು. ಇದು ನನಗೆ ಗೊತ್ತಿಲ್ಲದ್ದೇನಲ್ಲ. ಗಪ್ಪ ಕೂಡ್ರಿ ಎಂದು ಆ ಕಡೆಯವರು ಮಕ್ಕಳನ್ನು ಗದರಿಸುವುದನ್ನು ಲೋಕಲ್ಲಿನಲ್ಲಿ ಎಷ್ಟೋ ಸಲ ಕೇಳಿದ್ದೇನೆ. ಪೋಸ್ಟರಿನಲ್ಲಿ ಒಂದು ದೀರ್ಘ ಇದ್ದಿದ್ದರೆ ಆಕೆ ಬರುತ್ತಿರಲಿಲ್ಲವೇನೋ. ಆ ಒಂದು ಅಕ್ಷರದ ಹಿಂದೆ ನಾನು ಬಹಳ ದಿನ ಅಡಗಿಕೊಂಡಿದ್ದೆ. ಆದರೆ ಆಕೆಯ ಮಾತು ನಿಜವೆಂದು ತಿಳಿಯಲು ದೀರ್ಘ ಬೇಕಿರಲಿಲ್ಲ, ನಗುವುದನ್ನು ಒಂದು ನಿಮಿಷ ನಿಲ್ಲಿಸಿದ್ದರೆ ಸಾಕಿತ್ತು.

“ಭಾನುವಾರ ಸೊಸೈಟಿ ಮೀಟಿಂಗ್ ಉಂಟು” ಎಂದೆ. “ನಿಮ್ಮ ಕಾರ್ಡಿನ ವಿಷಯ ಬರ್ತದೆ. ನಾನೇ ಎದ್ದು ಹೇಳ್ತೇನೆ.”

“ಹೇಳ್ರಿ” ಎಂದರು. ಅದರಲ್ಲಿ ನಂಬಿಕೆಯೂ ಇರಲಿಲ್ಲ, ಅಪನಂಬಿಕೆಯೂ ಇರಲಿಲ್ಲ. ಡಬ್ಬಿಯನ್ನು ವಾಚ್‌ಮನ್ನನ ಕುರ್ಚಿಯ ಮೇಲಿಟ್ಟು ಹೋದರು.

ಆ ವಾರ ಹಳೆಯ ಪುಸ್ತಕಗಳನ್ನು ತೆಗೆದು ಆಸ್ಟ್ರೇಲಿಯಾದ ಕಥೆಗಳನ್ನು ಮತ್ತೆ ಓದಿದೆ. ಒಂದೂ ನಗು ತರಿಸಲಿಲ್ಲ. ಬೆಂಕಿಯ ಸುತ್ತ ಕೂತ ಆ ಗಂಡಸರೆಲ್ಲ ಕೋಪರಿಯ ಹೋಟೆಲಿನವರ ಹಾಗೆ ಕಂಡರು. ನೊಣದ ಟೋಪಿಯವನಿಗೆ ಕೊನೆಗೆ ಕಣ್ಣು ಉಳಿಯಿತೇ, ಯಾರಾದರೂ ಕೇಳಿದರೇ? ಪುಸ್ತಕದ ಅಂಚಿನಲ್ಲಿ ನನ್ನದೇ ಎಳೆಯ ಕೈಬರಹದ ಟಿಪ್ಪಣಿಗಳಿದ್ದವು: ‘ಹಾಸ್ಯ!’, ‘ಉತ್ಪ್ರೇಕ್ಷೆ!’ ಹರಿದುಹಾಕಬೇಕೆನಿಸಿತು. ಹಾಗೆ ನೋಡಿದರೆ ಬುರುಡೆಯನ್ನೆಲ್ಲ ನಿಜವೆಂದು ಓದುವುದೂ ಒಂದು ಸೋಮಾರಿತನವೇ. ಮೊದಲು ಎಲ್ಲದಕ್ಕೂ ನಕ್ಕೆ, ಈಗ ಎಲ್ಲದಕ್ಕೂ ಮುಖ ಗಂಟಿಕ್ಕಿದೆ. ಎರಡರಲ್ಲೂ ಎದುರಿಗಿರುವವರ ಮಾತನ್ನು ಕೇಳುವ ಕೆಲಸ ತಪ್ಪುತ್ತದೆ.

ಮೀಟಿಂಗು ಕೆಳಗೆ ಪಾರ್ಕಿಂಗಿನಲ್ಲಿ ನಡೆಯಿತು. ಉಳಿದ ಎರಡು ಮನೆಯವರು ಆಕೆಗೆ ಪಾತ್ರೆ ತೊಳೆಯಲು ಕಾರ್ಡು ಕೊಡಿ ಎಂದು ಕೇಳಿದ್ದರು. ಚೇರ್ಮನ್ನರು ಎಲ್ಲರಿಗೂ ತಿಳಿಯಲೆಂದು ಹಿಂದಿಯಲ್ಲಿ ಮಾತಾಡಿದರು. ಮೂಗಿನ ಕಥೆಯೆಲ್ಲ ನಾಟಕ, ಸಂಘದ ಸ್ಟೇಜಿನ ಮೇಲೆ ಇದನ್ನೇ ಹೇಳಿದ್ದಳು ಎಂದರು. “ಝೂಠ್ ಕಾ ಫಸ್ಟ್ ಪ್ರೈಜ್ ಮಿಲಾ ಉಸಕೋ. ಕಿಸನೇ ದಿಯಾ? ಹಮಾರೀ ಟೀಚರ್ ನೇ ದಿಯಾ.” ಸುಳ್ಳಿಗೆ ಮೊದಲ ಬಹುಮಾನ, ಕೊಟ್ಟವರು ನಮ್ಮ ಟೀಚರೇ. ಎಲ್ಲರೂ ನನ್ನ ಕಡೆ ತಿರುಗಿದರು.

ಆ ದಿನದ ದಿನಚರಿ ಹೀಗಿದೆ: ‘ನಾನು ಎದ್ದು ನಿಂತೆ. ತಪ್ಪು ನನ್ನದು, ಆಕೆ ಹೇಳಿದ್ದು ನಿಜ ಎಂದೆ. ಯಾರೂ ಕೇಳಿಸಿಕೊಳ್ಳಲಿಲ್ಲ.’ ಮೂರು ವಾಕ್ಯ, ದುಂಡಗಿನ ಅಕ್ಷರ. ನೆನಪೂ ಅದನ್ನೇ ಹೇಳುತ್ತದೆ, ಕುರ್ಚಿ ನೆಲಕ್ಕೆ ಉಜ್ಜಿದ ಸದ್ದಿನ ಸಮೇತ. ಸೊಸೈಟಿಯ ರಿಜಿಸ್ಟರಿನಲ್ಲಿ ಮಾತ್ರ, ಯಾರ ಆಕ್ಷೇಪವೂ ಇಲ್ಲದೆ ಕಾರ್ಡು ಕಾಯಮ್ಮಾಗಿ ರದ್ದಾಯಿತು ಎಂದಿದೆ. ಕೆಳಗೆ ಸಹಿಗಳು. ಅದರಲ್ಲಿ ನನ್ನದೂ ಇದೆ. ಚೇರ್ಮನ್ನರು ರಿಜಿಸ್ಟರನ್ನು ತಮಗೆ ಬೇಕಾದ ಹಾಗೆ ಬರೆಸಿದ್ದಾರೆ, ಸಹಿಯನ್ನು ಅವಸರದಲ್ಲಿ ತೆಗೆದುಕೊಂಡಿದ್ದಾರೆ ಎಂದು ಒಂದೂವರೆ ತಿಂಗಳು ನಂಬಿಕೊಂಡು ಅವರ ಮೇಲೆ ಕೆಂಡ ಕಾರಿದೆ.

ಆಮೇಲೊಂದು ಬೆಳಿಗ್ಗೆ ಪೆನ್ಶನ್ನಿನ ಕೆಲಸಕ್ಕೆಂದು ಕಲ್ಯಾಣಕ್ಕೆ ಹೊರಟಿದ್ದೆ. ಡೊಂಬಿವಲಿಯ ಪ್ಲಾಟ್‌ಫಾರಮ್ಮಿನಲ್ಲಿ ರೈಲಿನ ಹೆಂಗಸರ ಡಬ್ಬಿ ನಿಲ್ಲುವ ಜಾಗದಲ್ಲಿ ಆಕೆ ಇದ್ದರು. ಎಲ್ಲಿ ಕೆಲಸ ಈಗ ಎಂದು ಕೇಳಿದೆ.

“ಉಲ್ಹಾಸನಗರದಾಗ. ಜೀನ್ಸ್ ಪ್ಯಾಂಟಿನ ದಾರಾ ಕತ್ತರಸೂದು. ಮೂಗ ಬೇಕಾಗಂಗಿಲ್ಲ.”

“ಮೀಟಿಂಗಿನಲ್ಲಿ ನಾನು ಎದ್ದು ಹೇಳಿದೆ” ಎಂದೆ. “ಯಾರೂ ಕೇಳ್ಲಿಲ್ಲ.”

ಆಕೆ ಹಳಿಯ ಕಡೆ ನೋಡುತ್ತಲೇ ಹೇಳಿದರು. “ನಾ ಗೇಟಿನ ಬಾಜೂಕ ನಿಂತಿದ್ದೆ ಅಕ್ಕೋರ. ಪಾರ್ಕಿಂಗಿನ ಮಾತೆಲ್ಲಾ ಕೇಳತಿತ್ತು. ಸತ್ತದ್ದು ಮೂಗ, ಕಿವಿ ಅಲ್ಲ. ನೀವು ಕುರ್ಚಿ ಹಿಂದ ಸರಿಸಿದ್ರಿ. ಚೇರ್ಮನ್ನರು ನಿಮ್ಮನ್ನ ನೋಡಿದ್ರು. ಮತ್ತ ಮುಂದ ಸರಿಸಿಕೊಂಡ್ರಿ.”

ನಾನು ಏನೋ ಹೇಳಲು ಹೋದೆ.

“ಇದಕ್ಕ ನಿಮಗ ಯಾರ ಡಬ್ಬಿ ಕೊಡ್ತಾರ್ರಿ?” ಎಂದರು.

ಗಾಡಿ ಬಂತು. ಆಕೆ ಒಂದು ಕೈ ಕಂಬಿಗೆ ಹಾಕಿ ಹತ್ತಿ, ತಿರುಗಿ ನೋಡಿ, “ಹತ್ತರಿ ಅಕ್ಕೋರ. ಇಲ್ಲಾ ಇಲ್ಲೇ ನಿಂತ ಇನ್ನೊಂದ ರೈಲ ಬಿಡಾವ್ರೇನು?” ಎಂದರು. ಸುತ್ತಲಿನ ಇಬ್ಬರು ಹೆಂಗಸರು ನಕ್ಕರು. ನಾನು ಆ ಗಾಡಿಯನ್ನು ಬಿಟ್ಟೆ.

ಮನೆಗೆ ಬಂದು ಪತ್ರ ಬರೆದೆ. ಆಕೆ ಸ್ಟೇಜಿನ ಮೇಲೆ ಹೇಳಿದ್ದೆಲ್ಲ ನಿಜ. ಬಹುಮಾನ ಕೊಟ್ಟದ್ದು ನನ್ನ ತಪ್ಪು. ಮೀಟಿಂಗಿನಲ್ಲಿ ನಾನು ಸುಮ್ಮನಿದ್ದೆ, ಆ ಸಹಿಯನ್ನು ಹಿಂದೆಗೆದುಕೊಳ್ಳುತ್ತೇನೆ. ಪಾತ್ರೆ ತೊಳೆಯುವ ಕೆಲಸಕ್ಕೆ ಆಕೆಗೆ ಕಾರ್ಡು ಕೊಡಬೇಕು. ನಾಲ್ಕೇ ಸಾಲು, ಎಲ್ಲೂ ಉಬ್ಬಿಸಲಿಲ್ಲ, ಎಲ್ಲೂ ತಗ್ಗಿಸಲಿಲ್ಲ. ಸಂಜೆ ಸೊಸೈಟಿಯ ಆಫೀಸಿಗೆ ಒಯ್ದೆ. ಚೇರ್ಮನ್ನರು ಇಬ್ಬರು ಕಮಿಟಿಯವರ ಜೊತೆ ಚಹಾ ಕುಡಿಯುತ್ತಿದ್ದರು. ಕನ್ನಡಕ ಏರಿಸಿ ಪತ್ರವನ್ನು ಗಟ್ಟಿಯಾಗಿ ಓದಿದರು, ಒಂದೊಂದು ಸಾಲನ್ನೂ ಅವರಿಬ್ಬರಿಗೆ ಹಿಂದಿಯಲ್ಲಿ ಹೇಳಿದರು. ಆಮೇಲೆ ಪತ್ರವನ್ನು ಮಡಚಿ ಗ್ಲಾಸಿನ ಕೆಳಗಿಟ್ಟರು.

“ಇದು ಕೂಡ ಆಸ್ಟ್ರೇಲಿಯಾದ್ದಾ ಟೀಚರ್?”

“ಅಲ್ಲ” ಎಂದೆ. “ಕಾರ್ಡು ಕೊಡ್ತೀರೋ ಇಲ್ವೋ, ಅಷ್ಟು ಹೇಳಿ.”

ಚೇರ್ಮನ್ನರು ಆ ಇಬ್ಬರ ಕಡೆ ನೋಡಿ ನಕ್ಕರು, ಅವರೂ ನಕ್ಕರು. ನಾನು ಮೇಜಿನ ಮುಂದೆ ನೆಟ್ಟಗೆ ನಿಂತಿದ್ದೆ. ನಗಲಿಲ್ಲ, ಮುಖದ ಒಂದು ಗೆರೆಯನ್ನೂ ಅಲುಗಿಸಲಿಲ್ಲ. ಅದನ್ನು ನೋಡಿ ಮೂವರೂ ಇನ್ನೂ ಜೋರಾಗಿ ನಕ್ಕರು.